ತಿಪ್ಪವ್ವನ ಜೋಡಿ

ನದಿ ದಂಡೆಯ ಮಠವೊಂದರಲ್ಲಿ ಮೊಣಕಾಲು ನೋವಿನವರಿಗೆ ಎಣ್ಣೆ ತಿಕ್ಕುವ ಕೋಣೆಯಿತ್ತು. ಹತ್ತು ವರ್ಷದಿಂದ ಗೌರವ್ವ ಅದನ್ನು ನಡೆಸಿಕೊಂಡು ಬಂದಿದ್ದಳು. ಅವಳಿಗೆ ಬೇರೆ ಬದುಕಿರಲಿಲ್ಲ.

ಆ ವರ್ಷ ಮಠಕ್ಕೆ ಎಳ್ಳು ಕಡಿಮೆ ಬಂತು. ಇದ್ದ ಎಣ್ಣೆ ಒಗ್ಗರಣೆಗೋ ಮೊಣಕಾಲಿಗೋ ಎಂಬ ಪ್ರಶ್ನೆ ಎದ್ದಿತು.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರು ಶಿಷ್ಯ ಚೆನ್ನವೀರನನ್ನು ಕರೆದು, ಎಣ್ಣೆಯಿಂದ ಉಪಯೋಗವಿದೆಯೋ ಇಲ್ಲವೋ ನೋಡಿಕೊಂಡು ಬಾ, ಇಲ್ಲದಿದ್ದರೆ ಕೋಣೆ ಮುಚ್ಚೋಣ ಎಂದರು.

ಚೆನ್ನವೀರ ಎರಡು ದಿನ ನದಿಯ ಮೆಟ್ಟಿಲ ಬಳಿ ಕೂತು ನೋಡಿದ. ಎಣ್ಣೆ ಹಚ್ಚಿಸಿಕೊಂಡ ಹೆಂಗಸರು ನರಳುತ್ತ ಹತ್ತುತ್ತಿದ್ದರು. ಹಚ್ಚಿಸಿಕೊಳ್ಳದವರು ಸರಸರನೆ ಹೋಗುತ್ತಿದ್ದರು.

"ಎಣ್ಣಿಯಿಂದ ಕೆಡಕ ಆಗಾಕತ್ತದ್ರಿ ಅಜ್ಜಾರ. ಕೋಣಿ ಮುಚ್ಚೂದ ಚಲೋ" ಎಂದ. ಬಾಗಿಲಲ್ಲಿ ನಿಂತಿದ್ದ ಗೌರವ್ವನ ಮುಖ ಸಣ್ಣದಾಯಿತು.

"ಮೊಣಕಾಲು ನೆಟ್ಟಗಿದ್ದಾಕಿ ಎಣ್ಣಿ ಕೋಣಿಗೆ ಯಾಕ ಬರ್ತಾಳೋ ತಮ್ಮಾ?" ಎಂದರು ಅಜ್ಜಾರು.

ಚೆನ್ನವೀರನಿಗೆ ನಾಚಿಕೆಯಾಯಿತು.

ಕೋಣೆಗೆ ಬಂದ ಒಬ್ಬೊಬ್ಬರಿಗೂ ಅವರಂಥವರೇ ಆದ, ಆದರೆ ಕೋಣೆಗೆ ಬಾರದ ಒಬ್ಬರನ್ನು ಹುಡುಕು ಎಂದು ಅಜ್ಜಾರು ಹೇಳಿಕೊಟ್ಟರು. ವಯಸ್ಸು ಅದೇ ಇರಬೇಕು, ದುಡಿಮೆ ಅದೇ ಇರಬೇಕು, ನೋವೂ ಅಷ್ಟೇ ಇದ್ದಿರಬೇಕು.

"ಈಗಿನ ಕಾಲು ನೋಡಿ ಜೋಡಿ ಮಾಡಬ್ಯಾಡ. ಎಣ್ಣಿ ಹಚ್ಚೂಕಿಂತ ಮೊದಲ ಹೆಂಗಿತ್ತು, ಅದನ್ನ ಕೇಳು."

ಚೆನ್ನವೀರ ಒಂದು ತಿಂಗಳು ಮನೆಮನೆ ಅಲೆದ. ಹಳೆಯ ನೋವಿನ ಸಂಗತಿಯನ್ನು ಸೊಸೆಯಂದಿರ ಹತ್ತಿರ ಕೇಳಿದ. ಅತ್ತೆಯ ಮೊಣಕಾಲಿನ ಚರಿತ್ರೆ ಸೊಸೆಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ನೇಯುವವಳಿಗೆ ನೇಯುವವಳು, ಅಗಸಗಿತ್ತಿಗೆ ಅಗಸಗಿತ್ತಿ, ಹೀಗೆ ಹತ್ತೊಂಬತ್ತು ಜೋಡಿಯಾದವು. ಜೋಡಿಗಳನ್ನು ಒಟ್ಟಿಗೇ ಮೆಟ್ಟಿಲು ಹತ್ತಿಸಿ ನೋಡಿದ; ಹದಿನಾಲ್ಕರಲ್ಲಿ ಎಣ್ಣೆಯವಳೇ ಮೊದಲು ಮೇಲೆ ಮುಟ್ಟಿದಳು.

ಉಳಿದವಳು ತಿಪ್ಪವ್ವ ಒಬ್ಬಳೇ. ಎಂಬತ್ತು ದಾಟಿದವಳು. ಅಂಥವರು ಸಿಗದೆ ಚೆನ್ನವೀರ ಐವತ್ತರ ಹೆಂಗಸೊಬ್ಬಳನ್ನು ಅವಳಿಗೆ ಗಂಟು ಹಾಕಿದ್ದ.

"ಇದೆಂಥಾ ಜೋಡಿ? ಸಿಗಲಿಲ್ಲಂದ್ರ ಸಿಗಲಿಲ್ಲ ಅನ್ನು" ಎಂದು ಅಜ್ಜಾರು ಮೊಣಕಾಲು ನೀವಿಕೊಂಡರು.

ಚೆನ್ನವೀರ ಆ ಕೈಯನ್ನೇ ನೋಡಿದ. ಗುರುಗಳಿಗೂ ಎಂಬತ್ತು ದಾಟಿತ್ತು. ತಿಪ್ಪವ್ವನ ಹಾಗೆ ಅವರೂ ಐವತ್ತು ವರ್ಷದಿಂದ ದಿನವೂ ಅದೇ ಮೆಟ್ಟಿಲು ಹತ್ತಿ ನೀರು ತಂದವರು; ಮೊಣಕಾಲು ನೋವೂ ಅವಳಿಗೆ ಮೊದಲು ಇದ್ದಷ್ಟೇ. ಎಣ್ಣೆ ಕೋಣೆಯ ಹೊಸ್ತಿಲನ್ನು ಮಾತ್ರ ಒಮ್ಮೆಯೂ ತುಳಿದಿರಲಿಲ್ಲ.

"ಗಂಡಸು ಹೆಂಗಸು ಅನ್ನೂದ ಬಿಟ್ರ, ತಿಪ್ಪವ್ವನ ಜೋಡಿ ನೀವ ಅದೀರಿ ಅಜ್ಜಾರ" ಎಂದ, ಹೆದರುತ್ತಲೇ.

ಮರುದಿನ ಬೆಳಿಗ್ಗೆ ಇಬ್ಬರೂ ನದಿಯಿಂದ ಹತ್ತಿದರು. ತಿಪ್ಪವ್ವ ತುಂಬಿದ ಕೊಡದೊಂದಿಗೆ ಮೇಲೆ ಮುಟ್ಟಿ ಹಿಂತಿರುಗಿ ನೋಡಿದಳು. ಅಜ್ಜಾರು ಅರ್ಧಕ್ಕೇ ಕೂತುಬಿಟ್ಟಿದ್ದರು.

ಮೇಲೆ ನಿಂತಿದ್ದ ಗೌರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚೆನ್ನವೀರ ಹಿಗ್ಗಿ ಗುರುಗಳ ಹತ್ತಿರ ಓಡಿ ಬಂದ.

"ನಾ ಯಾಕ ಎಣ್ಣಿ ಹಚ್ಚಿಸಿಕೊಳ್ಳಲಿಲ್ಲ, ಕೇಳಿದೇನು?" ಎಂದರು ಅಜ್ಜಾರು, ಏದುಸಿರಿನಲ್ಲಿ.

"ಇಲ್ರಿ."

"ಬಾರದ ಆ ಹತ್ತೊಂಬತ್ತು ಮಂದೀನ?"

ಅವರನ್ನೂ ಕೇಳಿರಲಿಲ್ಲ.

"ನನಗ ಹಟ. ತಿಪ್ಪವ್ವ ದಿನಾ ಮುಂಜಾನೆದ್ದು ಕೋಣಿತನಕ ನಡದು ಬರ್ತಾಳ. ಆಕಿ ಕಾಲಿಗೆ ಗುಣ ಕೊಟ್ಟಿದ್ದು ಎಣ್ಣಿಯೋ, ಆ ನಡಿಗಿಯೋ?"

ಚೆನ್ನವೀರನ ಹಿಗ್ಗು ಇಳಿಯಿತು. ಹಾಗಾದರೆ ಕೋಣೆ ಮುಚ್ಚುವುದೇ ಎಂದು ಮೆಲ್ಲಗೆ ಕೇಳಿದ.

ಅಜ್ಜಾರು ಎಬ್ಬಿಸೆಂದು ಕೈ ಚಾಚಿದರು.

"ಕೋಣಿ ಇರಲಿ. ಕೋಣಿ ಇದ್ದರ ತಾನೇ ಆಕಿ ಅಷ್ಟು ದೂರ ನಡಿಯೂದು? ನಾಳಿಂದ ನಾನೂ ಬರ್ತೀನಿ. ತಿಪ್ಪವ್ವಗ ನೀ ಇನ್ನೊಬ್ಬ ಹಟಮಾರಿ ಮುದುಕನ್ನ ಹುಡುಕು."