ಹುಣಸೆಮರದ ತಕ್ಕಡಿ

ಕುರುಚಲು ಕಾಡಿನ ಅಂಚಿನಲ್ಲಿ ಒಂದು ದೊಡ್ಡ ಹುಣಸೆಮರವಿತ್ತು. ಅದರ ತುದಿಯ ಕವಲಿನಲ್ಲಿ ನವಿಲುಗಳ ಹಿಂಡು ಮಲಗುತ್ತಿತ್ತು. ಹೊನ್ನಿ ಎಂಬ ಹೆಣ್ಣು ನವಿಲು ಮಾತ್ರ ತೀರಾ ಕೆಳಗಿನ ಕೊಂಬೆಯಲ್ಲಿ ಮಲಗುತ್ತಿದ್ದಳು. ಯಾಕೆ ಅಂತೀರಾ, ಮಕ್ಕಳೇ? ಮೇಲಕ್ಕೆ ಹಾರಲು ಅವಳಿಂದ ಆಗುತ್ತಿರಲಿಲ್ಲ. ಪಕ್ಕದ ಹೊಲದಲ್ಲಿ ಕಡಲೆಕಾಯಿ ಕಿತ್ತ ಮೇಲೆ ಮಣ್ಣಿನಲ್ಲಿ ಉಳಿದದ್ದನ್ನೆಲ್ಲ ಕೆದಕಿ ಕೆದಕಿ ತಿಂದು ಮೈ ಅಷ್ಟು ಬಂದಿತ್ತು.

ಅವಳು ಕೂತರೆ ಕೊಂಬೆ ಬಗ್ಗಿ ಅಡಿಯಲ್ಲಿದ್ದ ಹುತ್ತಕ್ಕೆ ತಾಗುತ್ತಿತ್ತು. ಒಂದು ಮುಸ್ಸಂಜೆ ಕಾಡುಬೆಕ್ಕು ಆ ಹುತ್ತವನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿ ಬಂತು. ಮೇಲಿನವರು ಕೂಗಿ ಎಚ್ಚರಿಸಿದ್ದರಿಂದ ಹೊನ್ನಿ ಹೇಗೋ ಉಳಿದಳು. ಇನ್ನೊಂದು ಸಲ ಹೀಗಾದರೆ ಉಳಿಯುವುದಿಲ್ಲ ಎಂದು ಅವಳಿಗೇ ಗೊತ್ತಿತ್ತು.

ಮರುದಿನದಿಂದಲೇ ಬಾಯಿ ಕಟ್ಟಿದಳು. ಕಡಲೆಕಾಯಿ ಬಿಟ್ಟು ಹುಳಹುಪ್ಪಟೆ, ಚಿಗುರು ತಿಂದಳು. ದಿಬ್ಬ ಹತ್ತಿ, ಅಲ್ಲಿಂದ ಹಾರಿ ಹಾರಿ ರೆಕ್ಕೆ ಪಳಗಿಸಿದಳು. ಸಂಜೆ ಕೊಂಬೆಯ ಮೇಲೆ ಕೂತು, ಅದು ಹುತ್ತದಿಂದ ಎಷ್ಟು ಮೇಲಿದೆ ಎಂದು ಬಗ್ಗಿ ನೋಡುವಳು. ಅದೇ ಅವಳ ತಕ್ಕಡಿ. ಮೊದಲು ಕೊಂಬೆ ಬೆರಳಷ್ಟು ಮೇಲೆದ್ದಿತು, ಆಮೇಲೆ ಗೇಣಷ್ಟು. ಹೊನ್ನಿಗೆ ಹಿಗ್ಗೋ ಹಿಗ್ಗು.

ಅಲ್ಲಿಗೆ ನಿಂತುಬಿಟ್ಟಿತು. ಅಮಾವಾಸ್ಯೆ ಹೋಗಿ ಹುಣ್ಣಿಮೆ ಬಂದರೂ ಅದೇ ಗೇಣು.

“ಸಾಕಾಯ್ತು, ಅಳಿಲಜ್ಜಿ,” ಎಂದಳು ಮರದ ಪೊಟರೆಯಲ್ಲಿದ್ದ ಮುದಿ ಅಳಿಲಿಗೆ. “ಇಷ್ಟು ದಿನ ಹೊಟ್ಟೆ ಕಟ್ಟಿದ್ದು ನೀರಿನಲ್ಲಿ ಹೋಮ ಮಾಡಿದ ಹಾಗಾಯ್ತು. ಆ ಗೇಣು ದಾಟಿ ಕೊಂಬೆ ಒಂದು ಎಳೆಯಷ್ಟೂ ಏಳಲಿಲ್ಲ.”

“ಕೊಂಬೆ ಮಾತು ಬಿಡು, ಮಗಳೇ. ಮೊದಲು ನೀನು ದಿಬ್ಬ ಹತ್ತಿದರೆ ಏದುಸಿರು ನನ್ನ ಪೊಟರೆಗೆ ಕೇಳ್ತಿತ್ತು. ಈಗ ಮಾತಾಡ್ತಾ ಹತ್ತುತ್ತೀಯ. ಅದು ಲೆಕ್ಕಕ್ಕಿಲ್ವಾ? ಇನ್ನು ಈ ಕೊಂಬೆಗೆ ಏನಾಗಿದೆ ಅಂದ್ರೆ...”

“ಸಮಾಧಾನ ಹೇಳಬೇಡ, ಅಜ್ಜಿ. ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ ಅಂದಮೇಲೆ ತಿಂದುಕೊಂಡೇ ಇರ್ತೀನಿ.”

ಅಜ್ಜಿಯ ಮಾತು ಮುಗಿಯುವ ಮೊದಲೇ ಅವಳು ದಿಬ್ಬಕ್ಕೆ ಬೆನ್ನು ಹಾಕಿ ಹೊಲಕ್ಕಿಳಿದಳು. ಬೇಸರದಲ್ಲಿ ತಿನ್ನುವವರಿಗೆ ಅಕ್ಕಪಕ್ಕ ಕಾಣುವುದಿಲ್ಲ. ಹೊನ್ನಿ ತಲೆ ಬಗ್ಗಿಸಿ ಮಣ್ಣು ಕೆದಕಿ ಮೊದಲ ಕಾಯಿ ಕಚ್ಚಿದಳು. ಬದುವಿನ ಮರೆಯಿಂದ ಕಾಡುಬೆಕ್ಕು ನೆಗೆಯಿತು.

ಯೋಚಿಸಲು ಹೊತ್ತಿರಲಿಲ್ಲ. ಬಾಯಲ್ಲಿದ್ದ ಕಾಯಿ ಬಿತ್ತು, ರೆಕ್ಕೆ ಬಿಚ್ಚಿತು. ಬೆಕ್ಕಿನ ಪಂಜಕ್ಕೆ ಸಿಕ್ಕಿದ್ದು ಬಾಲದ ಒಂದೆರಡು ಗರಿ ಅಷ್ಟೇ. ಹೊನ್ನಿ ಕೆಳಗಿನ ಕೊಂಬೆ ದಾಟಿದಳು, ನಡುವಿನದನ್ನೂ ದಾಟಿದಳು, ತುದಿಯ ಕವಲಿನಲ್ಲಿ ಬಂದು ಕೂತಳು.

“ಬಾರೇ,” ಎಂದಳು ಅವಳ ಅಕ್ಕ, ಸ್ವಲ್ಪ ಸರಿದು. “ನಿನ್ನ ಜಾಗ ಹಾಗೇ ಇಟ್ಟಿದ್ದೆ.”

ಹೊನ್ನಿಗೆ ಅಳುವೇ ಬಂತು. ಆಮೇಲೆ ಕೆಳಗೆ ನೋಡಿದಳು. ತನ್ನ ಹಳೆಯ ಕೊಂಬೆಯಲ್ಲಿ ಯಾರೂ ಇರಲಿಲ್ಲ. ಆದರೂ ಅದು ಜಗ್ಗಿಕೊಂಡೇ ಇತ್ತು.

“ಅಜ್ಜಿ, ನಾನು ಇಲ್ಲಿದ್ದೀನಿ. ಮತ್ತೆ ಅದನ್ನು ಬಗ್ಗಿಸಿರೋದು ಯಾರು?”

“ಹುಣಸೆಕಾಯಿ,” ಎಂದಳು ಅಳಿಲಜ್ಜಿ. “ಕಾಯಿ ಬಲಿಯೋ ಕಾಲ ಅಲ್ವಾ ಇದು? ನಿನ್ನ ತೂಕ ಇಳಿದಷ್ಟೂ ಅವು ತಮ್ಮ ತೂಕ ಏರಿಸಿಕೊಂಡವು. ನೀನು ದಿನಾ ಹುತ್ತ ನೋಡಿದೆ, ಪಕ್ಕದಲ್ಲೇ ಜೋತಾಡ್ತಿದ್ದ ಕಾಯಿ ನೋಡಲಿಲ್ಲ.”

“ಮೊದಲೇ ಹೇಳಬಾರದಿತ್ತಾ?”

“ಹೇಳೋಕೆ ಬಾಯಿ ತೆರೆದೆ. ಕೇಳೋಕೆ ನೀನು ನಿಂತೆಯಾ?”

ಹೊನ್ನಿ ಗರಿ ಕಿತ್ತುಹೋದ ತನ್ನ ಬಾಲವನ್ನು ಕೊಕ್ಕಿನಿಂದ ನೇವರಿಸಿಕೊಂಡಳು. ಬೆಳಗಾದ ಮೇಲೆ ಎಂದಿನಂತೆ ಹುಳ ಹುಡುಕಿ ತಿಂದು ದಿಬ್ಬ ಹತ್ತಿದಳು. ಸಂಜೆ ಹಿಂಡಿನ ಜೊತೆ ಹಾರಿ ಬಂದಾಗ ಕೆಳಗಿನ ಕೊಂಬೆಯ ಕಡೆ ತಿರುಗಿಯೂ ನೋಡಲಿಲ್ಲ.

ನೀತಿ: ಅಳತೆ ಕದಲಲಿಲ್ಲವೆಂದು ಪ್ರಯತ್ನ ಬಿಡಬಾರದು, ಪಟ್ಟ ಶ್ರಮ ಕಣ್ಣಿಗೆ ಕಾಣದಿದ್ದರೂ ಮೈಯಲ್ಲಿ ಸೇರಿರುತ್ತದೆ.