ಓಗೊಡದವನ ಕಿಂಡಿ

ಕರೇಬಂಡೆ ಬೆಟ್ಟದ ತೆಂಕಣ ಮಗ್ಗುಲಲ್ಲಿ, ಎರಡು ಹೆಬ್ಬಂಡೆಗಳ ನಡುವೆ, ಒಬ್ಬರ ಹಿಂದೊಬ್ಬರು ಮಾತ್ರ ನುಸುಳಬಹುದಾದ ದಾರಿಯೊಂದಿದೆ. ಅದನ್ನು ಓಗೊಡದವನ ಕಿಂಡಿ ಎನ್ನುತ್ತಾರೆ. ಬಂಡೆಯ ಮೈಮೇಲಿನ ಸಿಡುಬಿನ ಕಲೆಯಂಥ ಗುಳಿಗಳು ತುಪಾಕಿಯ ಚರೆಗುಂಡು ತಾಗಿ ಆದವೆಂಬುದು ಊರವರ ನಂಬಿಕೆ. ಯಾವ ತುಪಾಕಿಯೂ ಸಿಡಿಯದ ಅಕ್ಕಪಕ್ಕದ ಬಂಡೆಗಳ ಮೇಲೂ ಅಂಥವೇ ಗುಳಿಗಳಿವೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳಿತು.

ಹಿಂದೆ ಒಮ್ಮೆ, ಬೆಟ್ಟದ ಮೇಲೆ ಪಾಳೆಯಗಾರನ ಕೋಟೆಯಿದ್ದ ಕಾಲದಲ್ಲಿ, ಈ ಕಿಂಡಿಯ ಕಾವಲು ಬೇಡರ ಸೂರಯ್ಯನದಾಗಿತ್ತು. ಉದ್ದ ಕೋವಿಯನ್ನು ಆ ಇಕ್ಕಟ್ಟಿನಲ್ಲಿ ಹೊರಳಿಸಲು ಬಾರದೆಂದು ಅವನಿಗೆ ಮೊಳದುದ್ದದ ನಳಿಗೆಯ, ಅಗಲ ಬಾಯಿಯ ಮೋಟು ತುಪಾಕಿಯನ್ನು ಕೊಟ್ಟಿದ್ದರು. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಬಟ್ಟೆ ತುರುಕಿ, ಹಿಡಿ ಚರೆ ಹಾಕಿ, ಕೋಲಿನಿಂದ ಜಡಿಯಬೇಕು. ನಳಿಗೆಯ ಒಳಮೈ ನುಣುಪು. ಚರೆ ಹೊರಬಿದ್ದೊಡನೆ ಚೆದುರುತ್ತಿತ್ತು. ದೂರಕ್ಕೆ ಅದು ಬರಿಯ ಸದ್ದು, ಹತ್ತಿರಕ್ಕೆ ಸಾವು. ಒಮ್ಮೆ ಹಾರಿಸಿ ಮತ್ತೆ ತುಂಬುವಷ್ಟರಲ್ಲಿ ಹಗೆ ಎದೆಯ ಮೇಲಿರುತ್ತಿದ್ದ.

"ಅಣ್ಣಾ, ನಿನ್ನ ಈ ಮೋಟು ನೋಡಿದ್ರೆ ಹಂದೀನೂ ನಗ್ತದ," ಎಂದು ಬೇಟೆಗೆ ಹೊರಟ ತಮ್ಮ ಪಾಲಯ್ಯ ಛೇಡಿಸಿದ್ದನಂತೆ.

"ನಗಲಿ ಬಿಡಲೇ. ಬರಿಗೈಲಿ ಬಂದ್ರೆ ನಿಮ್ಮತ್ತಿಗೇನೂ ನಗ್ತಾಳ."

ಬೇಟೆ ಹೊತ್ತು ಬರುವವರು ಅದನ್ನು ಗುಡಿಯಲ್ಲಿ ಬೆಟ್ಟದಮ್ಮನ ಮುಂದೆ ಇಳಿಸುವವರೆಗೆ ತುಟಿ ಬಿಚ್ಚಬಾರದೆಂಬುದು ಆ ಬೇಡರ ಕಟ್ಟಳೆ. ಕಾವಲಿನವರೂ ಅವರನ್ನು ತಡೆಯುತ್ತಿರಲಿಲ್ಲ. ಪಾಲಯ್ಯನಿಗೆ ಚಿಕ್ಕಂದಿನಲ್ಲಿ ಈ ಮೌನ ಕಲಿಸಿದವನು ಸೂರಯ್ಯನೇ. ಅದನ್ನು ಮುರಿಸಲು ಕಿಂಡಿಯಲ್ಲಿ ನಿಂತು ಕೂಗಿ ಕೂಗಿ ಕಾಡುತ್ತಿದ್ದವನೂ ಅವನೇ. ತಮ್ಮ ಒಮ್ಮೆಯೂ ಸೋತಿರಲಿಲ್ಲ. ಈ ಸಲ ಪಾಲಯ್ಯ ಅಡವಿಯಲ್ಲಿದ್ದಾಗಲೇ, ಕಟ್ಟಳೆಯನ್ನು ಅರಿತ ಹಗೆಗಳು ಜಿಂಕೆ ಹೊತ್ತು ಬಾಯಿ ಮುಚ್ಚಿಕೊಂಡು ಕೋಟೆಯ ಬಡಗಣ ಬಾಗಿಲು ಹೊಕ್ಕು, ಕಾವಲಿನವರನ್ನು ಕಡಿದು ಹೋದರು. ಕೂಡಲೇ ಅಪ್ಪಣೆಯಾಯಿತು: ಕೂಗಿದರೆ ಓಗೊಡದವನು ಯಾರೇ ಆಗಲಿ, ಹಾರಿಸು. ಅಡವಿಯಲ್ಲಿದ್ದವರಿಗೆ ಅದು ತಲುಪಲಿಲ್ಲ.

ಮುಸ್ಸಂಜೆಯಲ್ಲಿ ಕಿಂಡಿಯೊಳಗೆ ಹೆಗಲ ಮೇಲೆ ಬಿದಿರ ಗಳ ಹೊತ್ತ ಇಬ್ಬರ ನೆರಳು ಕಂಡಿತು. "ಯಾರದು?" ಎಂದ ಸೂರಯ್ಯ. ಸದ್ದಿಲ್ಲ. "ಓ ಅನ್ರಲೇ! ಪಾಲಾ, ನೀನೇನೋ? ಆಟ ಅಲ್ಲಲೇ ಇದು!" ಹೆಜ್ಜೆಗಳು ಹತ್ತಿರವಾದವು. ಬೆನ್ನ ಹಿಂದೆ ಇಡೀ ಕೇರಿಯಿತ್ತು. ಒಬ್ಬನ ಕಾಲಿಗೆ ಗುರಿಯಿಟ್ಟು ತಡೆಯಲು ಅದು ಉದ್ದ ಕೋವಿಯಲ್ಲ. ಸೂರಯ್ಯ ಉರಿವ ಬತ್ತಿಯನ್ನು ಮದ್ದಿಗೆ ಮುಟ್ಟಿಸಿದ.

ಹೊಗೆ ಸರಿದಾಗ ಗಳಕ್ಕೆ ಕಟ್ಟಿದ ಹಂದಿ ಕಂಡಿತು. ಮುಂದಿದ್ದವನು ಸತ್ತಿದ್ದ. ಹಿಂದಿದ್ದ ಪಾಲಯ್ಯನಲ್ಲಿ ಜೀವವಿತ್ತು. "ಒಂದು ಮಾತಾಡಲೇ, ತಮ್ಮಾ," ಎಂದು ಸೂರಯ್ಯ ಅಂಗಲಾಚಿದ. ಪಾಲಯ್ಯ ತಲೆಯಾಡಿಸಿ, ಗುಡಿಯತ್ತ ಕಣ್ಣು ಹೊರಳಿಸಿದ. ಸೂರಯ್ಯ ಹಂದಿಯನ್ನು ಎಳೆದುಕೊಂಡೇ ಗುಡಿಗೆ ಓಡಿದ, ಅಮ್ಮನ ಮುಂದೆ ಕೆಡವಿ, "ಇಳಿಸಿದೆನಲೇ, ಇನ್ನು ಮಾತಾಡು!" ಎಂದು ಕೂಗುತ್ತ ಮರಳಿದ. ಪಾಲಯ್ಯನ ಬಾಯಿ ತೆರೆದಿತ್ತು. ಉಸಿರಿರಲಿಲ್ಲ.

ಆಮೇಲೆ ಸೂರಯ್ಯ ಏನಾದನೆಂಬುದಕ್ಕೆ ಎರಡು ಮೂರು ಬಗೆಯ ಮಾತುಗಳಿವೆ, ಒಂದಕ್ಕೊಂದು ಹೊಂದುವುದಿಲ್ಲ. ಹೋದವರು ಕಣ್ಣಾರೆ ಕಾಣಬಹುದಾದದ್ದು ಇಷ್ಟು: ಕುರಿಗಾಹಿಗಳಾಗಲಿ, ಸೌದೆ ಹೊತ್ತ ಹೆಂಗಸರಾಗಲಿ, ಈಗಲೂ ಕಿಂಡಿಯ ಹೊರಗೆ ನಿಂತು ತಮ್ಮ ಹೆಸರು ಕೂಗಿಯೇ ಒಳಗೆ ಕಾಲಿಡುತ್ತಾರೆ. ಇನ್ನೂ ಮಾತು ಬಾರದ ಕೂಸುಗಳ ಹೆಸರನ್ನು ತಾಯಂದಿರು ಕೂಗುತ್ತಾರೆ.