ನೀರುನಾಯಿ ಕಟ್ಟಿದ ಒಡ್ಡು

ಮೀನು ಕೂಡಿಟ್ಟುಕೊಳ್ಳಲು ನೀರುನಾಯಿಯೊಂದು ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಒಡ್ಡು ಕಟ್ಟಿತು. ನೀರು ಏರಿ ದಡದಲ್ಲಿದ್ದ ಹೆಗ್ಗಣದ ಬಿಲ ಮುಳುಗಿತು. ಹೆಗ್ಗಣ ನೆನೆದ ಮರಿಗಳೊಂದಿಗೆ ಬಂದು, "ಸ್ವಾಮಿ, ಇನ್ನು ನಾವೆಲ್ಲಿರಬೇಕು?" ಎಂದು ಕೇಳಿತು.

"ಕಾಡಿನ ಏಳಿಗೆಗಾಗಿ ಸ್ವಲ್ಪ ಸಹಿಸಿಕೊಳ್ಳಪ್ಪ. ನಿನಗೆಂದೇ ಆ ಬಂಡೆಯನ್ನು ಗೊತ್ತುಮಾಡಿದ್ದೇನೆ. ಗಾಳಿ, ಬೆಳಕು ಎರಡೂ ಚೆನ್ನಾಗಿವೆ," ಎಂದಿತು ನೀರುನಾಯಿ.

ಹೆಗ್ಗಣ ಬಂಡೆಯನ್ನು ಕೆರೆದು ನೋಡಿತು. ಉಗುರು ಸವೆಯಿತೇ ಹೊರತು ಬಂಡೆ ಸವೆಯಲಿಲ್ಲ. ಮೇಲೆ ಗಿಡುಗವೊಂದು ಸುತ್ತತೊಡಗಿತು. ಹೆಗ್ಗಣ ಮರಿಗಳನ್ನು ಕರೆದುಕೊಂಡು ಓಡಿಬಂದು ಒಡ್ಡನ್ನೇ ಕೊರೆಯತೊಡಗಿತು.

"ಅಲ್ಲಿ ಬೇಡ ಮಾರಾಯ, ಒಡ್ಡು ಒಡೆದೀತು," ಎಂದು ನೀರುನಾಯಿ ಅಂಗಲಾಚಿತು.

"ಏನು ಮಾಡಲಿ ಸ್ವಾಮಿ, ನಾನು ಅಗೆಯಬಲ್ಲ ಮಣ್ಣನ್ನು ನೀವು ಉಳಿಸಿರುವುದು ಇಲ್ಲಿ ಮಾತ್ರ," ಎಂದಿತು ಹೆಗ್ಗಣ.

ಸಂಜೆಯ ಹೊತ್ತಿಗೆ ಹಳ್ಳ ತನ್ನ ದಾರಿ ಹಿಡಿದಿತ್ತು. ಮೀನುಗಳೂ ಅದರ ಜೊತೆಗೇ ಹೊರಟಿದ್ದವು.